ಹಟ್ಟಿಯ ನಾಯಿ, ಪೇಟೆಯ ನಾಯಿ: ಲಾಡಿಹುಳುವಿನ ಲೆಕ್ಕ ಎಲ್ಲಿ ತಪ್ಪುತ್ತಿದೆ?

(ಯಗಟಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಕುರಿ ಸಾಕಿ ಬಾಳಿದವರು, ಕುರಿಯ ಕಾಯಿಲೆಗಳ ಬಗ್ಗೆ ಬಂದವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದವರು ಎಂದು ಅವರ ಮನೆಯವರು ಹೇಳಿದರು. ಅಂಥವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದು ನನಗೆ ಸಂದ ಗೌರವ. ಕುರಿ ಬಿಟ್ಟು ನಾಯಿಯ ವಿಷಯ ಆರಿಸಿಕೊಂಡಿರಲ್ಲ ಎಂದು ಸಂಘಟಕರೊಬ್ಬರು ಕೇಳಿದರು. ಕುರಿಯ ಕಾಯಿಲೆಯ ಅರ್ಧ ಕಥೆ ನಾಯಿಯ ಕರುಳಿನಲ್ಲೇ ಇದೆ ಎಂಬುದು ನನ್ನ ಸಮಜಾಯಿಷಿ.

ಮೂಲಪಾಠವನ್ನು ಬೇಗ ಮುಗಿಸಿಬಿಡುತ್ತೇನೆ. ದುಂಡುಹುಳು ಮರಿಗೆ ತಾಯಿಯ ಹೊಟ್ಟೆಯಲ್ಲೇ ಅಂಟುತ್ತದೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಆದ್ದರಿಂದ ಮರಿಗೆ ಎರಡು ವಾರ ತುಂಬುತ್ತಲೇ ಔಷಧಿ ಶುರುವಾಗಬೇಕು. ಉಣ್ಣೆ ಕಚ್ಚಿ ಬರುವ ಬೆಬೀಸಿಯಾ, ಎರ್ಲಿಕಿಯಾ ಜ್ವರಗಳು ಪೇಟೆಯ ಜಾತಿನಾಯಿಗಳನ್ನೂ ಬಿಟ್ಟಿಲ್ಲ. ಇವನ್ನೆಲ್ಲ ಯಾವ ಪಶುವೈದ್ಯರಾದರೂ ನನಗಿಂತ ಚೆನ್ನಾಗಿ ಹೇಳಿಯಾರು. ಉಳಿದ ಹೊತ್ತೆಲ್ಲ ಎಕಿನೊಕಾಕಸ್ ಗ್ರಾನುಲೋಸಸ್ ಎಂಬ ಒಂದೇ ಲಾಡಿಹುಳುವಿಗೆ ಮೀಸಲು.

ಇದರ ಉದ್ದ ಮೂರರಿಂದ ಏಳು ಮಿಲಿಮೀಟರ್. ಒಂದು ನಾಯಿಯ ಸಣ್ಣ ಕರುಳಿನಲ್ಲಿ ಸಾವಿರಗಟ್ಟಲೆ ಇದ್ದರೂ ನಾಯಿ ಚುರುಕಾಗಿಯೇ ಓಡಾಡಿಕೊಂಡಿರುತ್ತದೆ. ಮಲದಲ್ಲಿ ಬಿದ್ದ ಮೊಟ್ಟೆ ಮೇವಿನೊಂದಿಗೆ ಕುರಿಯ ಹೊಟ್ಟೆ ಸೇರಿದರೆ ಲಿವರ್, ಶ್ವಾಸಕೋಶಗಳಲ್ಲಿ ನೀರುಗುಳ್ಳೆ ಏಳುತ್ತದೆ. ಆ ಗುಳ್ಳೆಯನ್ನು ನಾಯಿ ಹಸಿಯಾಗಿ ತಿಂದರೆ ಮತ್ತೆ ಹುಳು. 1853ರಲ್ಲೇ ಜರ್ಮನಿಯ ಸೀಬೋಲ್ಡ್ ಗುಳ್ಳೆಗಳನ್ನು ನಾಯಿಗೆ ತಿನ್ನಿಸಿ ಇದನ್ನು ತೋರಿಸಿಕೊಟ್ಟ. ಮೊಟ್ಟೆ ಮನುಷ್ಯನ ಬಾಯಿಗೆ ಹೋದರೂ ಅದೇ ಗುಳ್ಳೆ, ಬಹುಪಾಲು ಲಿವರಿನಲ್ಲಿ. ಗೊತ್ತಾಗುವಷ್ಟು ಬೆಳೆಯಲು ವರ್ಷಗಳೇ ಹಿಡಿಯುವುದರಿಂದ ನಾಯಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಈಗ ತಕರಾರಿಗೆ ಬರುತ್ತೇನೆ. ಪೇಟೆಯ ನಾಯಿಗೆ ಹುಳು ಕಡಿಮೆ, ಹಳ್ಳಿಯ ನಾಯಿಗೆ ಜಾಸ್ತಿ ಎಂಬ ತೀರ್ಮಾನವನ್ನು ನನ್ನ ಕೆಲವು ವೃತ್ತಿಬಾಂಧವರು ಪ್ರಶ್ನಾತೀತ ಎಂಬಂತೆ ಮುಂದಿಡುತ್ತಾರೆ. ಆಧಾರ ಏನು? ಮಲವನ್ನು ಉಪ್ಪುನೀರಿನಲ್ಲಿ ಕದಡಿ, ತೇಲಿಬಂದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಕೊಕ್ಕೆಹುಳು, ದುಂಡುಹುಳುಗಳ ಮಟ್ಟಿಗೆ ಒಪ್ಪೋಣ. ಆದರೆ ಎಕಿನೊಕಾಕಸ್ ಮೊಟ್ಟೆಯೂ ಟೀನಿಯಾ ಲಾಡಿಹುಳುವಿನ ಮೊಟ್ಟೆಯೂ ನೋಟಕ್ಕೆ ಒಂದೇ. ಯಾವ ಪರಿಣತನ ಕಣ್ಣಿಗೂ ಬೇರೆಯಾಗಿ ಕಾಣಿಸುವುದಿಲ್ಲ. ಅವು ದಿನಾ ಬೀಳುವುದೂ ಇಲ್ಲ. ಹೀಗಿರುವಾಗ ‘ಎಕಿನೊಕಾಕಸ್ ಕಾಣಲಿಲ್ಲ’ ಎಂಬ ವರದಿಯನ್ನು ‘ಎಕಿನೊಕಾಕಸ್ ಇಲ್ಲ’ ಎಂದು ಓದುವವರ ಧೈರ್ಯ ನನಗಿಲ್ಲ. 1863ರಲ್ಲಿ ಐಸ್‌ಲ್ಯಾಂಡಿಗೆ ಹೋದ ಹರಾಲ್ಡ್ ಕ್ರಾಬೆ ಮಲ ತೇಲಿಸುತ್ತ ಕೂರಲಿಲ್ಲ. ನೂರು ನಾಯಿಗಳ ಕರುಳನ್ನೇ ಬಿಡಿಸಿ ನೋಡಿದ, 28ರಲ್ಲಿ ಹುಳು ಸಿಕ್ಕಿತು.

ಮಾಲೀಕರೂ ಮೋಸಹೋಗುತ್ತಾರೆ. ನಾಯಿಯ ಬಾಲದ ಬುಡದಲ್ಲಿ ಸೌತೆಬೀಜದಂಥ ತುಣುಕು ಕಂಡರೆ ಓಡಿಬರುತ್ತಾರೆ. ಅದು ಚಿಗಟದಿಂದ ಬರುವ ಡಿಪಿಲಿಡಿಯಂ, ಅಷ್ಟೇನೂ ಅಪಾಯವಿಲ್ಲದ್ದು. ಅಪಾಯದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಪೇಟೆ–ಹಳ್ಳಿ ಎಂಬ ಗೆರೆಯೇ ತಪ್ಪು ಎನ್ನುವುದು ನನ್ನ ವಾದ. ಹಸಿ ಒಳಾಂಗ ಎಲ್ಲಿ ಬೀಳುತ್ತದೆ ಎಂದು ನೋಡಿ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಹಿಂಭಾಗದಲ್ಲಿ ಒಂದು ಗಳಿಗೆ ನಿಂತರೆ ಸಾಕು. ನಯವಾದ ಲಿವರ್ ತಕ್ಕಡಿಗೆ ಹೋಗುತ್ತದೆ. ಬಿಳಿ ಗುಳ್ಳೆ ಎದ್ದ ತುಂಡನ್ನು ಗಿರಾಕಿ ಒಲ್ಲೆ ಎನ್ನುತ್ತಾನೆ, ಕತ್ತಿಯ ತುದಿಯಲ್ಲೇ ಅದು ಹಿಂದಕ್ಕೆ ಹಾರುತ್ತದೆ. ಅಂದರೆ ರೋಗ ಇರುವ ತುಂಡೇ ತಪ್ಪದೆ ನಾಯಿಗೆ ಸಿಗುತ್ತದೆ. ಕಡೂರು, ಬೀರೂರಿನಂಥ ಪೇಟೆಯಲ್ಲೂ ಇದೇ, ಹಳ್ಳಿಯ ಮಾರಮ್ಮನ ಹಬ್ಬದಲ್ಲೂ ಇದೇ. ಹಟ್ಟಿಯಲ್ಲಿ ಸತ್ತ ಕುರಿಯನ್ನು ಬೇಲಿಯಾಚೆ ಎಸೆದರೂ ಇದೇ.

ಬೀದಿನಾಯಿಗಳೇ ಕಾರಣ, ಅವನ್ನು ಹಿಡಿದು ಸಾಗಿಸಿ ಎನ್ನುವವರು ಇನ್ನೊಂದು ಪಕ್ಷ. ಎಸೆದ ಒಳಾಂಗ ಇರುವತನಕ ಖಾಲಿಯಾದ ಜಾಗಕ್ಕೆ ಬೇರೆ ನಾಯಿ ಬಂದೇ ಬರುತ್ತದೆ. ಅಲ್ಲದೆ ಮಕ್ಕಳ ಮುಖ ನೆಕ್ಕುವುದು ಬೀದಿನಾಯಿಯಲ್ಲ, ಮಂದೆ ಕಾಯುವ ಮನೆನಾಯಿ.

ಔಷಧಿಯ ವಿಷಯದಲ್ಲೂ ಜಗಳವಿದೆ. ಕುರಿಗೆ ತಂದ ಐವರ್‌ಮೆಕ್ಟಿನ್ ಸೂಜಿಯನ್ನೇ ನಾಯಿಗೂ ಚುಚ್ಚಿ ಕೈತೊಳೆದುಕೊಳ್ಳುವ ಪದ್ಧತಿಯುಂಟು. ಲಾಡಿಹುಳುವಿಗೆ ಅದು ಏನೂ ಮಾಡದು. ಬೇಕಾದದ್ದು ಪ್ರಾಜಿಕ್ವಾಂಟೆಲ್, ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂ. ಅಡಿಕೆ ಬೆಳೆಯುವ ತರೀಕೆರೆ ಕಡೆಯವರು ಖುಷಿಪಡುವ ಮಾತೊಂದಿದೆ: ಈ ಮಾತ್ರೆ ಬರುವ ಮೊದಲು ನ್ಯೂಜಿಲೆಂಡ್, ಟಾಸ್ಮೇನಿಯಾಗಳಲ್ಲಿ ನಾಯಿಗಳಿಗೆ ಕೊಟ್ಟು ಭೇದಿ ಮಾಡಿಸಿ ಹುಳು ಹುಡುಕುತ್ತಿದ್ದದ್ದು ಅಡಿಕೆಯ ಸತ್ವವಾದ ಅರೆಕೊಲಿನ್‌ನಿಂದ. ಹಾಗೆಂದು ಮನೆಯ ಅಡಿಕೆ ಜಜ್ಜಿ ನಾಯಿಗೆ ತಿನ್ನಿಸಬೇಡಿ. ಪ್ರಮಾಣ ತಪ್ಪಿದರೆ ನಾಯಿಯ ಜೀವಕ್ಕೇ ಸಂಚಕಾರ. ಟಾಸ್ಮೇನಿಯಾ 1996ರಲ್ಲಿ, ನ್ಯೂಜಿಲೆಂಡ್ 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತ ಎಂದು ಘೋಷಿಸಿಕೊಂಡವು. ಹಸಿ ಒಳಾಂಗ ತಿನ್ನಿಸುವುದನ್ನು ನಿಲ್ಲಿಸದೆ ಬರೀ ಔಷಧಿಯಿಂದ ಅದು ಆಗುತ್ತಿರಲಿಲ್ಲ.

‘ಮೂರು ತಿಂಗಳಿಗೊಮ್ಮೆ ಮಾತ್ರೆ’ ಎಂಬ ಚೀಟಿಯನ್ನು ನಾನು ಒಪ್ಪುವುದಿಲ್ಲ. ಗುಳ್ಳೆ ತಿಂದ ನಾಯಿಯಲ್ಲಿ ಹುಳು ಆರೇಳು ವಾರಕ್ಕೆ ಮೊಟ್ಟೆ ಹಾಕಲು ಶುರುಮಾಡುತ್ತದೆ. ಮಾತ್ರೆ ಕೊಟ್ಟ ಮಾರನೆಯ ವಾರವೇ ನಾಯಿ ಮತ್ತೆ ಗುಳ್ಳೆ ತಿಂದರೆ ಮುಂದಿನ ಮಾತ್ರೆಯವರೆಗೆ ತಿಂಗಳಿಗೂ ಹೆಚ್ಚು ಕಾಲ ಮೊಟ್ಟೆ ಉದುರುತ್ತದೆ. ಆರು ವಾರಕ್ಕೊಮ್ಮೆ ಕೊಡಿ ಎನ್ನೋಣವೆಂದರೆ ಖರ್ಚು ಯಾರು ಹೊರುತ್ತಾರೆ ಎಂಬ ಎದುರುಮಾತು ನ್ಯಾಯವಾದದ್ದೇ. ಅದಕ್ಕೇ ನನ್ನ ಸಲಹೆ: ವರ್ಷಕ್ಕೆ ನಾಲ್ಕೇ ಮಾತ್ರೆಗೆ ದುಡ್ಡಿದ್ದರೆ, ಕ್ಯಾಲೆಂಡರ್ ಬಿಟ್ಟು ಕುರಿ ಕಡಿಯುವ ಹಬ್ಬಗಳ ಪಟ್ಟಿ ಹಿಡಿಯಿರಿ. ಹಬ್ಬ ಮುಗಿದು ನಾಲ್ಕು ವಾರಕ್ಕೆ ಊರಿನ ಎಲ್ಲ ನಾಯಿಗಳಿಗೂ ಒಂದೇ ದಿನ ಕೊಟ್ಟರೆ ಹುಳು ಮೊಟ್ಟೆ ಹಾಕುವ ಮೊದಲೇ ಸಾಯುತ್ತದೆ. ಈ ದತ್ತಿಯ ಹಿರಿಯರು ಇದ್ದಿದ್ದರೆ ಹಬ್ಬಗಳ ಪಟ್ಟಿಯನ್ನು ಅವರ ಬಾಯಿಂದಲೇ ಬರೆಸಿಕೊಳ್ಳುತ್ತಿದ್ದೆ.

ಇನ್ನೊಂದು ಮಾತು. ಪ್ರಾಜಿಕ್ವಾಂಟೆಲ್ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಸುಡಿ ಇಲ್ಲವೇ ಆಳವಾಗಿ ಹೂಳಿ. ಫಿನಾಯಿಲ್ ಸುರಿದರೆ ಆ ಮೊಟ್ಟೆ ಸಾಯುವುದಿಲ್ಲ, ಕುದಿನೀರಿಗೆ ಸಾಯುತ್ತದೆ.