ಓವಾಂಬೋ ಜನರ ಮದ್ದು ಮತ್ತು ಕಣಿ

ಕಾಯಿಲೆ ಬಿದ್ದವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳೇಳುತ್ತವೆ: ಇದು ಯಾವ ರೋಗ? ಇದು ನನಗೇ ಏಕೆ ಬಂತು? ನಿಮಗೂ ಹೀಗೆನಿಸಿರಬಹುದು. ಉತ್ತರ ನಮೀಬಿಯ, ದಕ್ಷಿಣ ಅಂಗೋಲಗಳಲ್ಲಿ ನೆಲಸಿರುವ ಓವಾಂಬೋ ಜನರಲ್ಲಿ ಎರಡಕ್ಕೂ ಉತ್ತರ ಹೇಳುವವರು ‘ಓಂಗಾಂಗ’ ಎಂಬ ನಾಟಿವೈದ್ಯರು. ಬೇರು ನಾರುಗಳ ಮದ್ದೂ ಅವರದೇ, ಕಣಿಯೂ ಅವರದೇ. 1870ರಲ್ಲಿ ಅಲ್ಲಿಗೆ ಬಂದ ಫಿನ್ಲೆಂಡಿನ ಪಾದ್ರಿಗಳು ಇದೆಲ್ಲವನ್ನೂ ಮೌಢ್ಯವೆಂದು ಜರೆದರು. 1911ರಲ್ಲಿ ವೈದ್ಯೆ ಸೆಲ್ಮಾ ರೈನಿಯೊ ಅವರ ಶ್ರಮದಿಂದ ಓನಾಂಜೋಕ್ವೆಯಲ್ಲಿ ಆಸ್ಪತ್ರೆಯೂ ಆಯಿತು. ಆದರೂ ಆಸ್ಪತ್ರೆಯ ಔಷಧಿ ಕುಡಿದವರಲ್ಲೇ ಹಲವರು ಓಂಗಾಂಗರ ಬಳಿಗೂ ಹೋದರು. ಅದು ಅಧರ್ಮವೆನ್ನುವವರು ಇಂದಿಗೂ ಉಂಟು. ಹಿರಿಯರ ವಿದ್ಯೆಯೆನ್ನುವವರೂ ಉಂಟು.

ನನಗೆ ತೋರುವುದಿಷ್ಟು: ಮದ್ದು ಬೇರೆ, ಕಣಿ ಬೇರೆ. ಬೇರನ್ನು ಪರೀಕ್ಷಿಸಿ ಉಳಿಸಿಕೊಳ್ಳಬಹುದು. ಆದರೆ ಕಣಿಯು ‘ಮಾಟ ಮಾಡಿದವಳು ಈಕೆ’ ಎಂದು ನೆರೆಮನೆಯವಳತ್ತ ಬೆರಳು ತೋರಿದರೆ, ಒಬ್ಬರ ಕಾಯಿಲೆಗೆ ಇನ್ನೊಬ್ಬರ ಬಾಳೇ ಬಲಿಯಾದಂತೆ. ನೀವೇನನ್ನುವಿರಿ?