ಪೆಟ್ಟಿಗೆ ಮುಚ್ಚಿದ ಮೇಲೆ

2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಾಗ ಅದರಲ್ಲಿ 18 ಮಂದಿ ನಾವಿಕರಿದ್ದರು. ಕೇರಳದ ಕರಾವಳಿಯಾಚೆ ಹೊತ್ತಿಕೊಂಡ ವಾನ್ ಹೈ 503 ಎಂಬ ಕಂಟೇನರ್ ಹಡಗಿನಿಂದ ಜೀವ ಉಳಿಸಿಕೊಂಡು ಬಂದವರು. ಹಡಗಿನಲ್ಲಿದ್ದದ್ದು ಒಟ್ಟು 22 ಜನ, ನಾಲ್ವರು ಕಾಣೆಯಾಗಿದ್ದರು. ಗಾಯಾಳುಗಳು ಮಂಗಳೂರಿನ ಆಸ್ಪತ್ರೆ ಸೇರಿದರು. ಬೆಂಕಿ ವಾರಗಟ್ಟಲೆ ಆರಲಿಲ್ಲ. ಜುಲೈಯಲ್ಲಿ ಮತ್ತೆ ಭುಗಿಲೆದ್ದಾಗ, ಸರಕುಪಟ್ಟಿಯಲ್ಲಿ ಹೆಸರಿಲ್ಲದ ಉರಿಯುವ ವಸ್ತು ಒಳಗಿರಬಹುದು ಎಂಬ ಶಂಕೆಯನ್ನು ನೌಕಾಯಾನ ಮಹಾನಿರ್ದೇಶನಾಲಯವೇ ಮುಂದಿಟ್ಟಿತು.

ಪಟ್ಟಿಯಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು. ಕಡಲಿನ ಈ ಅಪಾಯ ಕ್ಲೌಡ್‌ನಲ್ಲಿ ಓಡುವ ಸಾಫ್ಟ್‌ವೇರ್ ಕಂಟೇನರುಗಳಿಗೂ ಅಂಟಿಕೊಂಡು ಬಂದಿದೆ.

ಕರಾವಳಿಯವರಿಗೆ ಈ ಲೋಕದ ಮಾತುಗಳು ಪರಕೀಯವೇನಲ್ಲ. 2013ರಲ್ಲಿ ಹೊರಬಂದ ಡಾಕರ್ ಎಂಬ ತಂತ್ರಾಂಶದ ಹೆಸರು ಬಂದರಿನ ಹಮಾಲಿಯದು. ಅದರ ಲಾಂಛನ ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿಕೊಂಡ ತಿಮಿಂಗಿಲ. ಮರುವರ್ಷ ಗೂಗಲ್ ಪ್ರಕಟಿಸಿದ ಕುಬರ್ನೆಟಿಸ್ ಎಂದರೆ ಗ್ರೀಕಿನಲ್ಲಿ ಚುಕ್ಕಾಣಿ ಹಿಡಿದವನು, ನಮ್ಮ ದಕ್ಕೆಯ ಮಾತಿನಲ್ಲಿ ತಾಂಡೇಲ. ಸಾವಿರಾರು ಪೆಟ್ಟಿಗೆಗಳಲ್ಲಿ ಯಾವುದು ಯಾವ ಯಂತ್ರದ ಮೇಲೆ ಓಡಬೇಕು, ಬಿದ್ದದ್ದನ್ನು ಯಾವಾಗ ಎಬ್ಬಿಸಬೇಕು ಎಂದು ನೋಡಿಕೊಳ್ಳುವುದು ಈ ತಾಂಡೇಲನ ಕೆಲಸ.

ಒಂದು ಪ್ರೋಗ್ರಾಂ, ಅದು ಓಡಲು ಬೇಕಾದ ಸಾಮಗ್ರಿ, ಎರಡನ್ನೂ ಒಟ್ಟಿಗೆ ಕಟ್ಟಿದ ಗಂಟೇ ಕಂಟೇನರ್. ಗಂಟು ಗಂಟಿನ ನಡುವೆ ಗೋಡೆ ಎಬ್ಬಿಸುವುದು ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳು, ಅಂದರೆ ಲಿನಕ್ಸ್‌ನ ಕರ್ನಲ್. ಆ ಗೋಡೆಗೆ ಕರ್ನಾಟಕದ ಕೈಯೂ ತಾಗಿದೆ ಎಂಬುದು ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 2006ರಲ್ಲಿ ಗೂಗಲ್‌ನ ಎಂಜಿನಿಯರುಗಳು ಆರಂಭಿಸಿದ ಸಿಗ್ರೂಪ್ಸ್ ಎಂಬ ವ್ಯವಸ್ಥೆ 2008ರ ಜನವರಿಯಲ್ಲಿ ಲಿನಕ್ಸ್ ಸೇರಿತು. ಯಾವ ಗುಂಪಿಗೆ ಎಷ್ಟು ಮೆಮೊರಿ ಎಂದು ಅಳೆದು ಕೊಡುವ ಭಾಗದಲ್ಲಿ ಬಲಬೀರ್ ಸಿಂಗ್, ಪ್ರೊಸೆಸರ್ ಸಮಯವನ್ನು ಗುಂಪುಗಳಿಗೆ ಹಂಚುವ ಭಾಗದಲ್ಲಿ ಶ್ರೀವತ್ಸ ವಡ್ಡಗಿರಿ ದುಡಿದರು. ಇಬ್ಬರೂ ಆಗ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದವರು.

ಆದರೆ ಈ ಗೋಡೆ ಮಾಡಿನ ತನಕ ಏರುವುದಿಲ್ಲ. ಹಳೆಯ ಹಂಚಿನ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ಆಳೆತ್ತರಕ್ಕೆ ನಿಂತು, ಮೇಲೆ ಇಡೀ ಮನೆಗೆ ಒಂದೇ ಮಾಡು ಇರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒಂದು ಯಂತ್ರದ ಕಂಟೇನರುಗಳಿಗೆಲ್ಲ ಕರ್ನಲ್ ಒಂದೇ. 2019ರ ಫೆಬ್ರವರಿಯಲ್ಲಿ ರನ್‌ಸಿ ಎಂಬ ಕಂಟೇನರ್ ಓಡಿಸುವ ಮೂಲ ತಂತ್ರಾಂಶದ ದೋಷ ಬಯಲಾದಾಗ ಗೋಡೆ ಹಾರುವ ದಾರಿಯೊಂದು ಕಂಡಿತು: ಒಳಗಿನ ಕೇಡಿ ಪ್ರೋಗ್ರಾಂ ಹೊರಗಿನ ರನ್‌ಸಿಯನ್ನೇ ತಿದ್ದಿ ಬರೆದು ಇಡೀ ಯಂತ್ರದ ಯಜಮಾನನಾಗಬಹುದಿತ್ತು.

ಹಾಗಿದ್ದರೆ ಪೆಟ್ಟಿಗೆಯನ್ನು ಮೊದಲೇ ತಪಾಸಣೆ ಮಾಡಿದರೆ ಸಾಲದೇ? ತಪಾಸಣೆ ಬೇಕೇ ಬೇಕು. 2018ರಲ್ಲಿ ಡಾಕರ್ ಹಬ್ ಎಂಬ ಸಾರ್ವಜನಿಕ ಉಗ್ರಾಣದಿಂದ 17 ಕೇಡಿ ಕಂಟೇನರ್ ಇಮೇಜುಗಳನ್ನು, ಅಂದರೆ ಕಂಟೇನರಿನ ಅಚ್ಚುಗಳನ್ನು, ತೆಗೆದುಹಾಕಲಾಯಿತು. ಒಂದೇ ಖಾತೆಯಿಂದ ಬಂದಿದ್ದ ಅವುಗಳನ್ನು ಅಷ್ಟರಲ್ಲಿ ಸುಮಾರು 50 ಲಕ್ಷ ಬಾರಿ ಇಳಿಸಿಕೊಳ್ಳಲಾಗಿತ್ತು. ಬೇರೆಯವರ ಯಂತ್ರದಲ್ಲಿ ಗುಟ್ಟಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವುದೇ ಅವುಗಳಲ್ಲಿ ಹಲವು ಇಮೇಜುಗಳ ಕಸುಬು. ಇಂಥವು ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ಆದರೆ 2021ರ ಡಿಸೆಂಬರ್ 9ರಂದು ಲಾಗ್ (ಚಟುವಟಿಕೆಯ ದಾಖಲೆ) ಬರೆಯುವ ಲಾಗ್4ಜೆ ಎಂಬ ತಂತ್ರಾಂಶದ ದೋಷ ಜಗಜ್ಜಾಹೀರಾಗುವ ಹಿಂದಿನ ದಿನ ತಪಾಸಣೆ ಮಾಡಿದ್ದ ಪೆಟ್ಟಿಗೆಗೆ 'ಎಲ್ಲ ಸರಿ' ಎಂಬ ಮುದ್ರೆಯೇ ಬೀಳುತ್ತಿತ್ತು. ತಪಾಸಣೆಗೆ ಗೊತ್ತಿರುವುದು ನಿನ್ನೆಯ ತನಕದ ಕಳ್ಳರು ಮಾತ್ರ.

ಟೆಸ್ಲಾ ಕಂಪನಿಯ ಪ್ರಕರಣ ಇನ್ನೂ ಕಲಿಸುವಂಥದ್ದು. ಅದರ ಕುಬರ್ನೆಟಿಸ್ ನಿಯಂತ್ರಣ ಫಲಕಕ್ಕೆ ಪಾಸ್‌ವರ್ಡೇ ಇರಲಿಲ್ಲ ಎಂದು 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ತಿಳಿಸಿತು. ನುಗ್ಗಿದವರು ಅಲ್ಲಿಂದಲೇ ಗಣಿಗಾರಿಕೆ ಓಡಿಸಿದ್ದರು. ಅವರ ಜಾಣತನ ಗಮನಿಸಬೇಕು: ಪ್ರೊಸೆಸರ್ ಬಳಕೆ ಕಣ್ಣಿಗೆ ಹೊಡೆಯದಷ್ಟು ಕಡಿಮೆ, ಸಂಪರ್ಕಕ್ಕೆ ಎಲ್ಲರೂ ಬಳಸದ ಪೋರ್ಟ್, ತಮ್ಮ ಸರ್ವರಿನ ವಿಳಾಸಕ್ಕೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆಯ ಮರೆ.

ಇಂಥವರನ್ನು ಹಿಡಿಯಲು ಪೆಟ್ಟಿಗೆ ಓಡುತ್ತಿರುವಾಗಲೇ ಅದರ ನಡತೆ ನೋಡಬೇಕು. ನೋಡುವ ಜಾಗ ಮತ್ತೆ ಅದೇ ಮಾಡು, ಅಂದರೆ ಕರ್ನಲ್. ಫೈಲ್ ತೆರೆಯಲಿ, ಜಾಲಕ್ಕೆ ಕೈಚಾಚಲಿ, ಹೊಸ ಪ್ರೋಗ್ರಾಂ ಎಬ್ಬಿಸಲಿ, ಪ್ರತಿಯೊಂದಕ್ಕೂ ಕಂಟೇನರ್ ಕರ್ನಲ್‌ನ ಬಾಗಿಲು ತಟ್ಟಲೇಬೇಕು. ಇದಕ್ಕೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ಆ ಬಾಗಿಲಲ್ಲೇ ಕುಳಿತು ಕರೆಗಳನ್ನು ಆಲಿಸಲು ಇಬಿಪಿಎಫ್ ಎಂಬ ತಂತ್ರವಿದೆ. 2016ರಲ್ಲಿ ಸಿಸ್‌ಡಿಗ್ ಕಂಪನಿ ಬಿಡುಗಡೆ ಮಾಡಿದ, ಈಗ ಮುಕ್ತ ತಂತ್ರಾಂಶವಾಗಿ ಬೆಳೆಯುತ್ತಿರುವ ಫಾಲ್ಕೊ ಇದನ್ನು ಬಳಸುತ್ತದೆ. ಫಾಲ್ಕೊ ಎಂದರೆ ಗಿಡುಗ, ಹೆಸರು ಒಪ್ಪುತ್ತದೆ.

ಸಹಕಾರಿ ಸಂಘವೊಂದರ ಪಾಸ್‌ಬುಕ್ ಸೇವೆ ಒಂದು ಕಂಟೇನರಿನಲ್ಲಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ದಿನವೆಲ್ಲ ಮೂರೇ ಕೆಲಸ: ಗ್ರಾಹಕರ ಕೋರಿಕೆ ಕೇಳುವುದು, ಡೇಟಾಬೇಸಿನಿಂದ ಲೆಕ್ಕ ತರುವುದು, ಲಾಗ್ ಬರೆಯುವುದು. ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ ಅದರೊಳಗೆ ಒಂದು ಶೆಲ್ ತೆರೆದುಕೊಳ್ಳುತ್ತದೆ. ಶೆಲ್ ಎಂದರೆ ಮನುಷ್ಯ ಕೂತು ಆಜ್ಞೆ ಟೈಪಿಸುವ ಜಾಗ. ಪಾಸ್‌ಬುಕ್ ಸೇವೆಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕ್ಷಣದಲ್ಲಿ ಕರ್ಲ್ ಎಂಬ ಪ್ರೋಗ್ರಾಂ ಅಪರಿಚಿತ ವಿಳಾಸದಿಂದ ಫೈಲೊಂದನ್ನು ತಾತ್ಕಾಲಿಕ ಫೋಲ್ಡರಿಗೆ ಇಳಿಸುತ್ತದೆ. ಆ ಫೈಲಿಗೆ ಓಡುವ ಅನುಮತಿ ಸಿಗುತ್ತದೆ, ಓಡತೊಡಗುತ್ತದೆ. ಒಂದೊಂದನ್ನೇ ನೋಡಿದರೆ ಸಾಧಾರಣ ಕ್ರಿಯೆ, ಒಟ್ಟಿಗೆ ನೋಡಿದರೆ ಕನ್ನ. ಪ್ರೊಸೆಸರ್ ಮೀಟರಿನಲ್ಲಿ ಇದು ಕಾಣದೇ ಹೋಗಬಹುದು. ಕರ್ನಲ್‌ನ ಬಾಗಿಲಲ್ಲಿ ಮಾತ್ರ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ.

ಕಷ್ಟಗಳಿವೆ. ನಿಯಮ ಬಿಗಿಯಾದರೆ ದಿನಕ್ಕೆ ಸಾವಿರ ಎಚ್ಚರಿಕೆ ಬಂದು ಕಾವಲುಗಾರನೇ ಕಿವಿ ಮುಚ್ಚಿಕೊಳ್ಳುತ್ತಾನೆ. ಕಂಟೇನರಿನ ಆಯುಸ್ಸು ಕೆಲವೊಮ್ಮೆ ನಿಮಿಷಗಳದ್ದು. ಅದು ಅಳಿದರೆ ಸಾಕ್ಷ್ಯವೂ ಜೊತೆಗೇ ಅಳಿಯುತ್ತದೆ. ಇತ್ತ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಹಾಗಾಗಿ ಲಾಗ್ ಹುಟ್ಟಿದ ಕೂಡಲೇ ಪೆಟ್ಟಿಗೆಯ ಹೊರಗೆ, ಬೇರೆಡೆಗೆ ಸಾಗಿಸುವುದೊಂದೇ ದಾರಿ.

ಇದು ದೊಡ್ಡ ಕಂಪನಿಗಳ ಚಿಂತೆ ಎನ್ನುವವರು 2024ರ ಜುಲೈ 31ನ್ನು ನೆನಪಿಸಿಕೊಳ್ಳಬೇಕು. ಸಹಕಾರಿ, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಗಿ, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತುಹೋಯಿತು. ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ತಂಡ ಜಾಡು ಹಿಡಿದು ಹೋದಾಗ ತಲುಪಿದ್ದು ಜೊತೆಗಾರ ಸಂಸ್ಥೆಯೊಂದರ ಸರಿಯಾಗಿ ಭದ್ರಪಡಿಸದ ಜೆಂಕಿನ್ಸ್ ಸರ್ವರಿಗೆ. ಸಾಫ್ಟ್‌ವೇರನ್ನು ಜೋಡಿಸಿ ಪೆಟ್ಟಿಗೆ ಕಟ್ಟುವ ಅಂಗಳವೇ ಜೆಂಕಿನ್ಸ್. ತಂಡದ ವರದಿ ಹೆಸರಿಸಿದ ದೋಷಕ್ಕೆ ಪರಿಹಾರ ಅದೇ ವರ್ಷದ ಜನವರಿಯಲ್ಲೇ ಬಂದಿತ್ತು.

ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರು 1914ರಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಕಟ್ಟಿದ ನೆಲವಿದು. ಇಲ್ಲಿ ಅಡಿಕೆ ಬೆಳೆಗಾರನಿಂದ ಮೀನು ಮಾರುವ ಮಹಿಳೆಯ ತನಕ ಊರಿನ ಸಹಕಾರಿ ಸಂಘದಲ್ಲಿ ಹಣ ಇಟ್ಟವರು ಲೆಕ್ಕವಿಲ್ಲದಷ್ಟಿದ್ದಾರೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಓದುವ, ಮುಡಿಪು, ಕೊಟ್ಟಾರದ ಐಟಿ ಕ್ಯಾಂಪಸ್ಸುಗಳಲ್ಲಿ ದುಡಿಯುವ ತರುಣರು ತಮ್ಮ ಊರಿನ ಸಂಘಕ್ಕೆ ತಿಂಗಳಲ್ಲಿ ಒಂದು ದಿನ ಕೊಟ್ಟರೂ ದೊಡ್ಡ ಉಪಕಾರ. ಫಾಲ್ಕೊಗೆ ಪರವಾನಗಿ ಶುಲ್ಕವಿಲ್ಲ. ಬೇಕಾದದ್ದು ಅದನ್ನು ಕೂರಿಸಿ, ಅದರ ಮಾತು ಕೇಳುವ ಜನ. ಸದಸ್ಯರೂ ಮುಂದಿನ ಮಹಾಸಭೆಯಲ್ಲಿ ಲಾಭಾಂಶದ ಪ್ರಶ್ನೆಯ ಜೊತೆಗೆ ಇನ್ನೆರಡನ್ನು ಎದ್ದು ನಿಂತು ಕೇಳಲಿ: ನಮ್ಮ ಸಾಫ್ಟ್‌ವೇರ್ ಓಡುತ್ತಿರುವಾಗ ಅದನ್ನು ನೋಡುತ್ತಿರುವವರು ಯಾರು? ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ ಎಚ್ಚರಿಕೆ ಬಂದರೆ ಫೋನ್ ಎತ್ತುವವರು ಯಾರು?