ಹೊಲಿದ ಕೈ, ತೊಟ್ಟ ಮೈ



ಉಡುಪನ್ನು ಕುರಿತು ಸಭೆಯಲ್ಲಿ ಗಂಭೀರವಾಗಿ ಮಾತನಾಡಹೊರಟವನಿಗೆ ಮೊದಲು ಎದುರಾಗುವ ಆಕ್ಷೇಪವೆಂದರೆ, ಅದು ಕೇವಲ ಬಾಹ್ಯವಸ್ತು, ಮನುಷ್ಯನ ಅಂತಸ್ಸತ್ತ್ವಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬುದು. ಸೂಜಿಯ ಕೆಲಸವನ್ನೇ ಕಾಯಕವಾಗಿ ಕೈಕೊಂಡು, ಆ ಕಾಯಕದ ಹೆಸರನ್ನೇ ತನ್ನ ಹೆಸರಿನ ಮುಂದೆ ಧರಿಸಿದ ಸೂಜಿಕಾಯಕದ ರಾಮಿತಂದೆ ಶರಣರ ಪಂಕ್ತಿಯಲ್ಲಿ ಕುಳಿತ ನಾಡಿನಲ್ಲಿ ಹುಟ್ಟಿದ ನಾನು ಈ ಆಕ್ಷೇಪವನ್ನು ಒಪ್ಪಲಾರೆ.

ನನ್ನ ಬಾಲ್ಯದ ಒಂದು ದೃಶ್ಯವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಬೀದಿಯ ದರ್ಜಿ, ಕೊರಳಿಗೆ ಅಳತೆಯ ಟೇಪನ್ನು ಹಾಕಿಕೊಂಡು, ನಮ್ಮ ತಂದೆಯವರನ್ನು ಬೆಳಕಿಗೆ ಮುಖಮಾಡಿ ನಿಲ್ಲಿಸಿ, ಬೆನ್ನಮೇಲೆ ಅಂಗೈಯಿಟ್ಟು ಒಂದು ಕ್ಷಣ ಸುಮ್ಮನಾದನು. ಅವರ ಎಡಹೆಗಲು ಬಲಹೆಗಲಿಗಿಂತ ತುಸು ತಗ್ಗಾಗಿತ್ತು; ಮನೆಯವರಾರೂ ಅದನ್ನು ಅದುವರೆಗೆ ಗಮನಿಸಿರಲಿಲ್ಲ. ಆತನು ಏನನ್ನೂ ಆಡದೆ, ಸೀಮೆಸುಣ್ಣದಿಂದ ಬಟ್ಟೆಯ ಮೇಲೊಂದು ಗೆರೆಯೆಳೆದು, ಕೋಟಿನ ಎಡಭುಜದೊಳಗೆ ಒಂದು ಪದರ ಬಟ್ಟೆಯನ್ನು ಹೆಚ್ಚಾಗಿ ಕೂಡಿಸಿ ಹೊಲಿದುಕೊಟ್ಟನು. ದೇಹದ ನಿಜವನ್ನು ಎಲ್ಲರಿಗಿಂತ ಮೊದಲು ಅರಿಯುವವನು ದರ್ಜಿ. ಅರಿತುದನ್ನು ಮರೆಮಾಡಿಕೊಡುವವನೂ ಅವನೇ. ಮನೆಯ ಹಿರಿಯನ ಹೆಗಲಿನಲ್ಲಿ ಈ ಮರೆ ದಾಕ್ಷಿಣ್ಯವೆನಿಸುತ್ತದೆ. ದೇಶವನ್ನಾಳುವವನ ಹೆಗಲಿಗೆ ಬಂದಾಗ ಅದು ಏನಾಗುತ್ತದೆ, ಮತ್ತು ಆ ಹೆಗಲನ್ನು ಚಲಚ್ಚಿತ್ರದಲ್ಲಿ ಹಿಡಿದು ತೋರಿಸುವವನು ಕಲಾವಿದನೋ ವರ್ತಕನ ದೂತನೋ ಎಂಬುದೇ ಈ ಸಂಜೆಯ ವಿಚಾರ.

1914ರಲ್ಲಿ ಜರ್ಮನಿಯ ವೆಸ್ಟರ್‌ವಾಲ್ಡ್ ಸೀಮೆಯ ಹೊಲದ ದಾರಿಯಲ್ಲಿ, ನೃತ್ಯಕೂಟಕ್ಕೆಂದು ಹೊರಟಿದ್ದ ಮೂವರು ತರುಣ ರೈತರನ್ನು ನಿಲ್ಲಿಸಿ ಆಗಸ್ಟ್ ಸ್ಯಾಂಡರ್ ಎಂಬ ಛಾಯಾಗ್ರಾಹಕನು ತೆಗೆದ ಚಿತ್ರವೊಂದು ಲೋಕಪ್ರಸಿದ್ಧವಾಗಿದೆ. ಮೂವರಿಗೂ ಕರಿಯ ಸೂಟು, ತಲೆಗೆ ಟೋಪಿ, ಕೈಯಲ್ಲಿ ಬೆತ್ತ. ಈ ಚಿತ್ರವನ್ನು ಕುರಿತು ಆಂಗ್ಲ ವಿಮರ್ಶಕ ಜಾನ್ ಬರ್ಜರ್ 1979ರಲ್ಲಿ ಬರೆದ ಪ್ರಬಂಧದ ತಾತ್ಪರ್ಯ ಇಷ್ಟು: ಸೂಟೆಂಬುದು ಕುಳಿತು ಆಳುವವರ, ಮಾತಿನಿಂದಲೂ ಲೆಕ್ಕದಿಂದಲೂ ಜೀವಿಸುವವರ ಮೈಗೆಂದು ರೂಪುಗೊಂಡ ಉಡುಪು; ಉಳುವ, ಹೊರುವ, ಬಗ್ಗಿ ಏಳುವ ಮೈಗೆ ಅದನ್ನು ತೊಡಿಸಿದಾಗ ಆ ಗಟ್ಟಿಮುಟ್ಟಾದ ದೇಹವೇ ವಿಕಾರವಾಗಿ ತೋರುತ್ತದೆ; ಅಲ್ಲದೆ, ತನಗೆ ಸಲ್ಲದ ಆ ಪ್ರಮಾಣವನ್ನೇ ಆದರ್ಶವೆಂದು ರೈತನು ತಾನಾಗಿ ಒಪ್ಪಿಕೊಂಡಿರುತ್ತಾನೆ.

ಸೂಕ್ಷ್ಮವಾದ ಮಾತು, ಆದರೆ ಭಾರತದಲ್ಲಿ ನಿಂತು ನೋಡುವವನಿಗೆ ಅದು ಅರ್ಧಸತ್ಯ. ಒಳ್ಳೆಯ ಬಟ್ಟೆಯನ್ನು ತೊಡುವ ಅಧಿಕಾರವನ್ನೇ ಜಾತಿಯ ಹೆಸರಿನಲ್ಲಿ ಕಸಿದುಕೊಂಡಿದ್ದ ಸಮಾಜದಲ್ಲಿ ಡಾ. ಅಂಬೇಡ್ಕರರು ಅಚ್ಚುಕಟ್ಟಾದ ಸೂಟನ್ನು ತೊಟ್ಟು ನಿಂತುದು ಯಾರ ಅನುಕರಣೆಯೂ ಆಗಿರಲಿಲ್ಲ. ಅದು ತಡೆಹಿಡಿದಿದ್ದ ಸ್ವತ್ತನ್ನು ಮರಳಿ ಪಡೆದ ಕ್ರಿಯೆ. ನಮ್ಮ ಊರೂರಿನ ವೃತ್ತಗಳಲ್ಲಿ ನೀಲಿಯ ಕೋಟು, ಕೊರಳಪಟ್ಟಿ, ಕೈಯಲ್ಲಿ ಗ್ರಂಥದೊಡನೆ ನಿಂತ ಆ ಪ್ರತಿಮೆಯ ಬುಡದಲ್ಲಿ, ಹೊಸ ಅಂಗಿಯನ್ನು ತೊಟ್ಟು ಬಂದ ಮಗುವನ್ನು ತಾಯಿಯೊಬ್ಬಳು ನಿಲ್ಲಿಸಿ ಕೈಮುಗಿಸುವುದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಉಡುಪಿನ ಅರ್ಥ ಕತ್ತರಿಸಿದ ಬಗೆಯಲ್ಲಷ್ಟೇ ಇರುವುದಿಲ್ಲ. ಅದನ್ನು ಯಾರು ಯಾರಿಗೆ ನಿಷೇಧಿಸಿದ್ದರೆಂಬ ಚರಿತ್ರೆಯಲ್ಲಿಯೂ ಇರುತ್ತದೆ.

ಗಾಂಧೀಜಿಯವರದು ಇದಕ್ಕೆ ಪ್ರತಿಲೋಮವಾದ ಪಯಣ. 1888ರಲ್ಲಿ ಲಂಡನ್ನಿಗೆ ಹೋದ ಆ ವಿದ್ಯಾರ್ಥಿ ಬಾಂಡ್ ಸ್ಟ್ರೀಟಿನಲ್ಲಿ ಸಂಜೆಯ ಸೂಟಿಗೆಂದು 10 ಪೌಂಡುಗಳನ್ನೂ ಎತ್ತರದ ಟೋಪಿಗೆಂದು 19 ಷಿಲಿಂಗುಗಳನ್ನೂ ವೆಚ್ಚಮಾಡಿದುದನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಲೆಕ್ಕವಿಟ್ಟಿದ್ದಾರೆ. 1913ರಲ್ಲಿ ದಕ್ಷಿಣ ಆಫ್ರಿಕದ ನಟಾಲಿನ ಕರಾರು ಕೂಲಿಗಳ ಉಡುಪು. ಮುಂದೆ ಸ್ವದೇಶದಲ್ಲಿ ಕಾಠಿಯಾವಾಡದ ಅಂಗರಖೆ, ಪೇಟ. ಕಡೆಗೆ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಮೊಳಕಾಲುದ್ದದ ಪಂಚೆ. ಆ ದಿನದಿಂದ ಅವರ ಉಡುಪಿಗೆ ದರ್ಜಿಯೇ ಬೇಕಾಗಲಿಲ್ಲ. ತಮ್ಮ ರೂಪವು ಜಗತ್ತಿನ ಕ್ಯಾಮೆರಾಗಳ ಮುಂದೆ ಏನನ್ನು ನುಡಿಯುತ್ತದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. 1931ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಅದೇ ಪಂಚೆಯಲ್ಲಿ ನಡೆದದ್ದು ಅರಿಯದೆ ಮಾಡಿದ ಕಾರ್ಯವಲ್ಲ. ಆದಾಗ್ಯೂ ಅದನ್ನು ಜಾಹೀರಾತೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಬಟ್ಟೆಯೊಡನೆ ರಾಟೆಯೂ ಸದಾ ಎದುರಿಗಿತ್ತು. ತೊಟ್ಟ ಮೈಗೂ ನೂತ ಕೈಗೂ ನಡುವೆ ಅಲ್ಲಿ ಪರದೆಯಿರಲಿಲ್ಲ.

ಆ ಪರದೆ ಇಳಿದುದನ್ನು ಕಾಣಬೇಕಾದರೆ ನಾಟ್ಸಿ ಪಕ್ಷದ ಮಹಾಸಮ್ಮೇಳನ ನಡೆದ 1934ರ ಸೆಪ್ಟೆಂಬರಿನ ನ್ಯೂರೆಂಬರ್ಗಿಗೆ ಹೋಗಬೇಕು. ಹಿಟ್ಲರನ ಅಪ್ಪಣೆಯ ಮೇರೆಗೆ ಲೇನಿ ರೀಫೆನ್‌ಸ್ಟಾಲ್ ಅಲ್ಲಿ ಚಿತ್ರಿಸಿ, ಮರುವರ್ಷ ಬಿಡುಗಡೆಮಾಡಿದ 'ಟ್ರಯಂಫ್ ಆಫ್ ದಿ ವಿಲ್' ಎಂಬ ಚಲಚ್ಚಿತ್ರ ಶುದ್ಧ ಚರಿತ್ರೆಯಷ್ಟೇ ಎಂದು ಆಕೆ ಬಹುಕಾಲ ವಾದಿಸಿದಳು. ಶ್ರಮದಳದ ಸಾವಿರಾರು ಯುವಕರು ಸಮವಸ್ತ್ರದಲ್ಲಿ ಸಾಲುಗಟ್ಟಿ, ಸಲಿಕೆಗಳನ್ನು ಬಂದೂಕುಗಳಂತೆ ಹಿಡಿದು ವಂದಿಸುವ ಭಾಗವನ್ನು ಲಕ್ಷ್ಯಕೊಟ್ಟು ನೋಡಿದವರಿಗೆ ಆ ವಾದ ನಿಲ್ಲುವುದಿಲ್ಲ. ಎಲ್ಲರ ಕೈಯಲ್ಲಿಯೂ ಸಲಿಕೆಯಿದೆ, ಯಾರೂ ಅಗೆಯುತ್ತಿಲ್ಲ. ಕೆಲಸದ ಉಪಕರಣ ಕೆಲಸವನ್ನು ಕಳೆದುಕೊಂಡು ಆಭರಣವಾದಾಗ, ಬೆವರನ್ನು ಬಿಟ್ಟು ಬೆವರಿನ ಕೀರ್ತಿಯನ್ನು ಮಾತ್ರ ತೋರಿಸಿದಾಗ, ತೆಗೆದವರ ಕೌಶಲವೆಷ್ಟೇ ಅಸಾಧಾರಣವಾಗಿರಲಿ, ಅದು ಜಾಹೀರಾತು.

ಆ ಸಮವಸ್ತ್ರಗಳನ್ನು ಹೊಲಿದ ಕೈಗಳೂ ಇದ್ದುವಷ್ಟೆ. ಮೆಟ್ಸಿಂಗನ್ ಎಂಬ ಊರಿನಲ್ಲಿ 1924ರಲ್ಲಿ ಬಟ್ಟೆಯ ಕಾರ್ಖಾನೆಯನ್ನು ತೆರೆದ ಹ್ಯೂಗೋ ಬಾಸ್ 1931ರಲ್ಲಿ ನಾಟ್ಸಿ ಪಕ್ಷವನ್ನು ಸೇರಿ, ಅದರ ದಳಗಳಿಗೂ ಸೇನೆಗೂ ಸಮವಸ್ತ್ರಗಳನ್ನು ಒದಗಿಸಿದನು. ಯುದ್ಧದ ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ 140 ಮಂದಿ, ಅವರಲ್ಲಿ ಬಹುಪಾಲು ಸ್ತ್ರೀಯರು, ಬಲಾತ್ಕಾರದ ದುಡಿಮೆಗೆ ಗುರಿಯಾಗಿದ್ದರು; ಸಂಸ್ಥೆ ಅದಕ್ಕಾಗಿ 2011ರಲ್ಲಿ ಬಹಿರಂಗವಾಗಿ ವಿಷಾದವನ್ನು ಸೂಚಿಸಿತು. ನ್ಯೂರೆಂಬರ್ಗಿನ ಭವ್ಯ ದೃಶ್ಯಾವಳಿಯಲ್ಲಿ ಸೂಜಿ ಹಿಡಿದ ಒಂದು ಬೆರಳಿಗೂ ಸ್ಥಾನವಿಲ್ಲ. ಸ್ಥಾನ ಕೊಟ್ಟಿದ್ದರೆ ಭವ್ಯತೆ ಒಡೆಯುತ್ತಿತ್ತು.

ಅದೇ ನಾಟ್ಸಿ ಪ್ರಭುತ್ವ 1936ರಲ್ಲಿ ಸ್ಯಾಂಡರನ ಗ್ರಂಥದ ಮುದ್ರಣಫಲಕಗಳನ್ನು ನಾಶಪಡಿಸಿತು. 1929ರಲ್ಲಿ 60 ಚಿತ್ರಗಳೊಡನೆ ಪ್ರಕಟವಾಗಿದ್ದ ಆ ಪುಸ್ತಕದಲ್ಲಿ ಯಾವ ರಾಜದ್ರೋಹವಿತ್ತು? ಅಲ್ಲಿ ಮಿಠಾಯಿ ಮಾಡುವವನು ತನ್ನ ಬಿಳಿಯ ನಿಲುವಂಗಿಯಲ್ಲಿ, ತನ್ನ ಪಾತ್ರೆಯೊಡನೆ, ತನ್ನಂತೆಯೇ ನಿಂತಿದ್ದನು. ಒಬ್ಬೊಬ್ಬನ ಬಟ್ಟೆಯೂ ಅವನವನ ಕೆಲಸದಿಂದ ಸವೆದು, ಅವನ ಮೈಯ ಮಡಿಕೆಗಳನ್ನೇ ಪಡೆದು, ಅವನ ಬಾಳನ್ನು ನುಡಿಯುತ್ತಿತ್ತು. ಎಲ್ಲರನ್ನೂ ಒಂದೇ ಅಳತೆಯಲ್ಲಿ ಕತ್ತರಿಸಬಯಸಿದವರಿಗೆ ಇದಕ್ಕಿಂತ ದೊಡ್ಡ ದ್ರೋಹ ಬೇಕಿರಲಿಲ್ಲ.

ಇನ್ನು ನಮ್ಮ ಕಾಲಕ್ಕೆ ಸಮೀಪದ ಎರಡು ಚಿತ್ರಗಳು. 1990ರಲ್ಲಿ ಮಾರ್ಟಿನ್ ಸ್ಕಾರ್ಸೇಸಿ, ಉಡುಪುವಿನ್ಯಾಸಕ ಜಾರ್ಜಿಯೊ ಅರ್ಮಾನಿಯ ಆಶ್ರಯದಲ್ಲಿಯೇ, ಆತನನ್ನು ಕುರಿತು 'ಮೇಡ್ ಇನ್ ಮಿಲಾನ್' ಎಂಬ ಕಿರುಚಿತ್ರವನ್ನು ತೆಗೆದನು. ಕೋಟಿನ ಒಳಗಿನ ಮೆತ್ತೆಯನ್ನೂ ಅಸ್ತರನ್ನೂ ಕಿತ್ತುಹಾಕಿ, ಗಡುಸಾದ ಉಡುಪನ್ನು ಮೈಯ ಮೇಲೆ ಹರಿಯುವಂತೆ ಮಾಡಿದ ಅರ್ಮಾನಿ ನಿಜವಾದ ಕುಶಲಿ, ಸ್ಕಾರ್ಸೇಸಿಯೂ ದೊಡ್ಡ ನಿರ್ದೇಶಕ, ಚಿತ್ರವೂ ಸುಂದರವಾಗಿದೆ. ಆದರೆ ಹಣ ಕೊಟ್ಟವನೇ ನಾಯಕನಾದ ಕೃತಿಯಲ್ಲಿ ಪ್ರಶ್ನೆಗೆ ಎಡೆ ಕಿರಿದು.

ಅದಕ್ಕೆ ಒಂದು ವರ್ಷ ಮೊದಲು, ಪ್ಯಾರಿಸಿನ ಪಾಂಪಿದೂ ಕೇಂದ್ರದ ಕೋರಿಕೆಯಂತೆ, ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಜಪಾನಿನ ಉಡುಪುವಿನ್ಯಾಸಕ ಯೋಜಿ ಯಮಾಮೊಟೊವನ್ನು ಕುರಿತು 'ನೋಟ್‌ಬುಕ್ ಆನ್ ಸಿಟೀಸ್ ಅಂಡ್ ಕ್ಲೋದ್ಸ್' ಎಂಬ ಚಿತ್ರವನ್ನು ತೆಗೆದನು. ಇದೂ ಕೋರಿಕೆಯ ಕೃತಿಯೇ ಆದುದರಿಂದ ಹಣದ ಮೂಲವೊಂದೇ ಕಲೆಗೂ ಜಾಹೀರಾತಿಗೂ ನಡುವೆ ಗೆರೆಯನ್ನೆಳೆಯಲಾರದೆಂಬುದು ಸ್ಪಷ್ಟ. ತನಗೆ ಮೊದಲು ಉಡುಪಿನ ಲೋಕದಲ್ಲಿ ಆದರವಿರಲಿಲ್ಲವೆಂದು ನಿರ್ದೇಶಕನು ಚಿತ್ರದ ಆರಂಭದಲ್ಲಿಯೇ ಹೇಳಿಕೊಳ್ಳುತ್ತಾನೆ. ಯಮಾಮೊಟೊನ ಕೋಟೊಂದನ್ನು ತೊಟ್ಟಾಗ ತನಗೆ ತನ್ನ ತಂದೆಯ ನೆನಪು ಬಂದುದೇಕೆಂದು ಕೇಳುತ್ತಾನೆ. ತಂದೆಯನ್ನು ಯುದ್ಧದಲ್ಲಿ ಕಳೆದುಕೊಂಡು, ಬಟ್ಟೆ ಹೊಲಿದು ಮಗನನ್ನು ಸಾಕಿದ ತಾಯಿಯ ಕೈಕೆಳಗೆ ಬೆಳೆದ ಯಮಾಮೊಟೊ, ತಡೆತಡೆದು, ಮಾತಿಗಾಗಿ ಹುಡುಕುತ್ತ ಉತ್ತರ ಕೊಡುತ್ತಾನೆ. ಎಡಬಲಗಳ ಸಮತೆಯನ್ನು ಬೇಕೆಂದೇ ಮುರಿಯುವುದು ಈತನ ಕತ್ತರಿಯ ಪ್ರಸಿದ್ಧ ಲಕ್ಷಣ. ನಮ್ಮ ಬೀದಿಯ ದರ್ಜಿ ಮುಚ್ಚಿಕೊಟ್ಟುದನ್ನು ಈತನು ಮುಚ್ಚದೆ ಬಿಡುತ್ತಾನೆ.

ಆ ಚಿತ್ರದಲ್ಲಿ ಯಮಾಮೊಟೊ ತನ್ನ ಕಾರ್ಯಾಲಯದಲ್ಲಿ ಕುಳಿತು ಒಂದು ಪುಸ್ತಕದ ಹಾಳೆಗಳನ್ನು ತಿರುವಿಹಾಕುತ್ತಾನೆ. ಅದು ಸ್ಯಾಂಡರನ ಛಾಯಾಚಿತ್ರಗಳ ಪುಸ್ತಕ. ಫಲಕಗಳನ್ನು ಒಡೆದವರ ರಾಜ್ಯ ಅಳಿದು ನಾಲ್ಕು ದಶಕಗಳ ಮೇಲೆ, ಆ ರಾಜ್ಯದೊಡನೆ ಕೈಜೋಡಿಸಿದ್ದ ದೇಶದ ದರ್ಜಿಯೊಬ್ಬನು, ಹೆಸರಿಲ್ಲದ ಜರ್ಮನ್ ಶ್ರಮಿಕರ ಸವೆದ ಕೋಟುಗಳನ್ನು ಒಂದೊಂದಾಗಿ ನೋಡುತ್ತ, ಅವರ ಮುಖಗಳನ್ನೂ ಅವರು ತೊಟ್ಟ ಬಟ್ಟೆಯನ್ನೂ ಬಹಳ ಹೊತ್ತು ದಿಟ್ಟಿಸುತ್ತಾನೆ.